ಸೌಟಕ್ಕನ ಗಂಟಲು

ಅಕ್ಕನ ಬಗ್ಗೆ ಹೇಳೋಕೆ ನನ್ನನ್ನ ಕೂರಿಸಿದ್ದೀರಲ್ಲ, ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಅವಳು ನನ್ನ ಒಡಹುಟ್ಟಿದವಳಲ್ಲ, ಓರಗಿತ್ತಿ. ಅಣ್ಣತಮ್ಮಂದಿರನ್ನ ಕಟ್ಟಿಕೊಂಡು ಒಂದೇ ಮನೆಗೆ, ಒಂದೇ ಅಡುಗೆಮನೆಗೆ ಬಂದು ಬಿದ್ದವರು ನಾವು. ಓರಗಿತ್ತಿಯನ್ನ ಬಾಯ್ತುಂಬ ಹೊಗಳೋದು ಎಂಥ ಸಂಕಟ ಅಂತ ಓರಗಿತ್ತಿ ಇದ್ದವರಿಗೇ ಗೊತ್ತು. ಆದರೂ ಹೊಗಳ್ತೀನಿ. ಹೊಗಳದೆ ಇರೋಕೆ ಅವಳು ದಾರಿಯೇ ಬಿಟ್ಟಿಲ್ಲ, ಏನು ಮಾಡಲಿ.

ಗಿರಣಿಯಲ್ಲಿ ಎಲ್ಲರೂ ಅವಳನ್ನ ಸೌಟಕ್ಕ ಅಂತಲೇ ಕರೆಯೋದು. ನೂಲಿನ ಗಿರಣಿ ಕ್ಯಾಂಟೀನಿಗೆ ಅವಳು ಮುಖ್ಯ ಅಡುಗೆಯವಳು, ನಾನು ಅವಳ ಕೈಕೆಳಗೆ. ಕೈಕೆಳಗೆ ಅಂದರೆ ತರಕಾರಿ ಹೆಚ್ಚೋದು, ಈರುಳ್ಳಿ ಮುಂದೆ ಅಳೋದು, ಬೈಸಿಕೊಳ್ಳೋದು. ಅಡುಗೆಮನೆಗೂ ಊಟದ ಹಾಲಿಗೂ ನಡುವೆ ಒಂದು ಅಗಲವಾದ ಕಿಟಕಿ ಇದೆ. ಊಟದ ಗಂಟೆ ಹೊಡೆದ ತಕ್ಷಣ ತಲೆ, ಹುಬ್ಬು, ಮೀಸೆಗೆಲ್ಲ ಹತ್ತಿ ಧೂಳು ಮೆತ್ತಿಕೊಂಡ ಜನ ತಟ್ಟೆ ಹಿಡಿದು ಆ ಕಿಟಕಿ ಮುಂದೆ ಸಾಲು ನಿಲ್ತಾರೆ. ನಿಂತರೆ ಆಯ್ತಾ? ಊಹೂಂ. ಅಕ್ಕ ರುಚಿ ನೋಡೋವರೆಗೆ ಒಂದು ಅಗುಳೂ ಆಚೆ ಹೋಗಂಗಿಲ್ಲ.

ರುಚಿ ನೋಡೋದು ಅಂದರೆ ನಾಲಿಗೆ ತುದಿಗೆ ಮುಟ್ಟಿಸಿ "ಹ್ಞಾಂ, ಪರವಾಗಿಲ್ಲ" ಅನ್ನೋದಲ್ಲ. ಸೌಟಿನಿಂದ ಅಂಗೈಗೆ ಒಂಚೂರು ಸುರಿದುಕೊಂಡು, ಊದಿ, ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ನುಂಗೋಳು. ನುಂಗಿದ ಮೇಲೂ ಸ್ವಲ್ಪ ಹೊತ್ತು ಹಾಗೇ ನಿಲ್ಲೋಳು. "ಉಪ್ಪು, ಹುಳಿ ನಾಲಿಗೆಗೆ ಗೊತ್ತಾಗತ್ತೆ ಕಣೇ. ಕಾಳುಮೆಣಸು ಜಾಸ್ತಿ ಆಯ್ತಾ, ತಳ ಹಿಡೀತಾ ಅನ್ನೋದು ಗಂಟಲಿಂದ ಇಳಿದ ಮೇಲೇ ಗೊತ್ತಾಗೋದು" ಅನ್ನೋಳು. ಸಾಲಲ್ಲಿ ನಿಂತವರ ಕಣ್ಣೆಲ್ಲ ಅವಳ ಕತ್ತಿನ ಮೇಲೆ. ಗಂಟಲು ಅಲ್ಲಾಡಿತೋ, ಮುಂದೆ ನಿಂತವನು "ಇಳೀತು!" ಅಂತ ಕೂಗೋನು, ಹಿಂದಿನವರೆಲ್ಲ ತಟ್ಟೆ ಬಡಿಯೋರು, ಸಾಲು ಮುಂದಕ್ಕೆ ಸರಿಯೋದು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನ ಇದೇನಪ್ಪ ಹುಚ್ಚರ ಸಂತೆ ಅನ್ನಿಸೋದು. ಮಾರನೇ ದಿನ ಅವರೂ ತಟ್ಟೆ ಬಡಿಯೋರು.

ಒಂದು ಸಲ ನಾನು ಮಾಡಿದ ಕುಂಬಳಕಾಯಿ ಸೂಪು ತಳ ಹಿಡಿದಿತ್ತು. ಒಂದು ಚೂರು, ದೇವರಾಣೆ ಒಂದೇ ಚೂರು. ಅಕ್ಕ ನುಂಗಿದಳು, ನಿಂತಳು, ನನ್ನ ಕಡೆ ನೋಡಿದಳು. ಮಾತಿಲ್ಲ ಕತೆಯಿಲ್ಲ, ಇಡೀ ಹಂಡೆ ಮೋರಿಗೆ! ಅವತ್ತು ಗಿರಣಿಗೆ ಗಿರಣಿಯೇ ಬ್ರೆಡ್ಡು, ಬೇಯಿಸಿದ ಮೊಟ್ಟೆ ತಿಂದಿತು. "ಯಾರಿಗೆ ಗೊತ್ತಾಗ್ತಿತ್ತು?" ಅಂತ ರೇಗಿದೆ. "ನನಗೆ ಗೊತ್ತಾಯ್ತಲ್ಲ" ಅಂದಳು. ಎಷ್ಟೋ ದಿನ ಅವಳ ಜೊತೆ ಮಾತು ಬಿಟ್ಟಿದ್ದೆ. ನಾನು ಮಾತು ಬಿಟ್ಟಿದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಅದು ನೆನೆಸಿಕೊಂಡರೆ ಈಗಲೂ ನನಗೆ ಹೊಟ್ಟೆ ಉರಿಯತ್ತೆ.

ಅವಳು ಬಿದ್ದಿದ್ದು ಕ್ಯಾಂಟೀನಿನ ಉಗ್ರಾಣದಲ್ಲಿ. ಅಟ್ಟದ ಮೇಲಿದ್ದ ದೊಡ್ಡ ಪಾತ್ರೆ ಇಳಿಸೋಕೆ ಏಣಿ ಹತ್ತಿದ್ದಳು. ನೆಲದಲ್ಲಿ ಎಣ್ಣೆ ಜಿಡ್ಡು, ಏಣಿ ಜಾರಿತು. ಪಾತ್ರೆ ಒಂದು ಕಡೆ, ಇವಳೊಂದು ಕಡೆ. ತಲೆ ಹಿಂಭಾಗ ಹೊಸ್ತಿಲ ಕಲ್ಲಿಗೆ ಬಡಿದ ಸದ್ದು ಒಲೆಗಳ ಭರ್ರೋ ಅನ್ನೋ ಸದ್ದಿನ ನಡುವೆಯೂ ನನಗೆ ಕೇಳಿಸಿತು. ಓಡಿ ಹೋಗಿ ನೋಡಿದರೆ ಕಣ್ಣು ಅರೆತೆರೆದಿದೆ, ಗೊರಕೆ ಹೊಡೆಯೋ ಹಾಗೆ ಉಸಿರು. "ಅಕ್ಕಾ! ಅಕ್ಕಾ!" ಅಂತ ಕಿರುಚಿದೆ. ಯಾರ ಮಾತಿಗೂ ಎದುರುತ್ತರ ಕೊಡದೆ ಬಿಟ್ಟವಳಲ್ಲ, ಆದರೆ ಅವತ್ತು ತುಟಿ ಅಲ್ಲಾಡಿಸಲಿಲ್ಲ. ಸಾಲಲ್ಲಿ ನಿಂತಿದ್ದ ಜನವೇ ಊಟದ ಮೇಜಿನ ಹಲಗೆ ಕಿತ್ತು, ಅದರ ಮೇಲೆ ಮಲಗಿಸಿ, ಗಿರಣಿ ವ್ಯಾನಿಗೆ ಹಾಕಿದರು.

ಆಸ್ಪತ್ರೆಯಲ್ಲಿ ಊತ ಇಳಿಸೋಕೆ ತಲೆಬುರುಡೆಯ ಒಂದು ತುಂಡು ಮೂಳೆ ತೆಗೆದರು, ಬಾಯಿಗೆ ಉಸಿರಿನ ಮಿಷೀನು ಹಾಕಿದರು. ಆಮೇಲೆ ಡಾಕ್ಟ್ರು ನಮ್ಮನ್ನ ಒಳಗೆ ಕರೆದರು. ಭಾವ, ಅಂದರೆ ಅಕ್ಕನ ಗಂಡ, ಸಿಟಿ ಬಸ್ಸಿನ ಡ್ರೈವರು. ಬಸ್ಸನ್ನ ಡಿಪೋಗೆ ಬಿಟ್ಟು ಖಾಕಿ ಬಟ್ಟೆಯಲ್ಲೇ ಓಡಿ ಬಂದಿದ್ದರು. ಡಾಕ್ಟ್ರು ತಮ್ಮ ಕತ್ತಿನ ಹಿಂದೆ, ತಲೆ ಬುಡದಲ್ಲಿ ಕೈಯಿಟ್ಟು ತೋರಿಸಿದರು.

"ಒಳಗೆ ಊತ ಬಂದು ಮಿದುಳು ಕೆಳಕ್ಕೆ ಒತ್ತಿದೆ. ಇಲ್ಲಿ ಮಿದುಳಿನ ಕಾಂಡ ಅಂತ ಇರತ್ತೆ, ಹೆಬ್ಬೆರಳಿನಷ್ಟು ದಪ್ಪ. ಅಲ್ಲಿ ರಕ್ತ ಸೋರಿದೆ. ಉಸಿರಾಡೋದು, ಎಚ್ಚರ ಇರೋದು, ನುಂಗೋದು, ಕೆಮ್ಮೋದು, ಎಲ್ಲಕ್ಕೂ ಅದೇ ಆಧಾರ. ಅಲ್ಲಿ ರಕ್ತ ಸೋರಿದ ಮೇಲೆ ವಾಪಸ್ ಬರೋರು ಕಡಿಮೆ."

"ಕಡಿಮೆ ಅಂದ್ರೆ, ಬರ್ತಾರೆ ಅಂತ ತಾನೇ ಸಾರ್?" ಅಂದರು ಭಾವ.

"ಬರ್ತಾರೆ. ಯಾವ ಸ್ಥಿತೀಲಿ ಅಂತ ಹೇಳೋಕಾಗಲ್ಲ."

ಭಾವ ಹೊರಗೆ ಬಂದು ಬೆಂಚಿನ ಮೇಲೆ ಕೂತವರು, ಬಸ್ಸಿನ ಸ್ಟೀರಿಂಗ್ ಹಿಡಿದ ಹಾಗೆ ಎರಡೂ ಕೈ ಮಂಡಿ ಮೇಲೆ ಇಟ್ಟುಕೊಂಡೇ ಇದ್ದರು. ಎದ್ದು ಹೋಗಿ ಒಂದು ಲೋಟ ನೀರು ಕುಡೀರಿ ಅಂದರೂ ಅಲ್ಲಾಡಲಿಲ್ಲ.

ಬಂದಳು. ಅವಸರ ಮಾಡದೆ, ತನಗೆ ಬೇಕಾದಾಗ ಬಂದಳು. ಮೊದಲು ಒಂದು ಕಣ್ಣು ತೆರೆದಳು, ಇನ್ನೊಂದರ ರೆಪ್ಪೆ ಜೋತುಬಿದ್ದಿತ್ತು. ಆಮೇಲೆ ಬಲಗೈ ಬೆರಳು ಆಡಿತು. ಉಸಿರಿಗೆ ಅಂತ ಕತ್ತಿನಲ್ಲಿ ಮಾಡಿದ್ದ ತೂತು ಮುಚ್ಚಿದ ಮೇಲೆ ಧ್ವನಿ ಬಂತು, ಗೊಗ್ಗರು ಧ್ವನಿ. ವಸ್ತುಗಳೆಲ್ಲ ಎರಡೆರಡಾಗಿ ಕಾಣಿಸ್ತಿದ್ದವಂತೆ. ನನ್ನನ್ನೇ ದಿಟ್ಟಿಸಿ ನೋಡಿ, ಮೊಟ್ಟಮೊದಲ ಮಾತು ಏನಂದಳು ಗೊತ್ತಾ? "ಇಬ್ಬಿಬ್ಬರು ಕಾಣ್ತೀಯಲ್ಲೇ... ಒಬ್ಬಳನ್ನೇ ಸಹಿಸೋಕೆ ಆಗ್ತಿರಲಿಲ್ಲ." ನಾನು ಅಳಬೇಕೋ ಎರಡು ಏಟು ಬಿಡಬೇಕೋ ತಿಳೀದೆ ಅವಳ ಹಾಸಿಗೆಯ ಅಂಚು ಹಿಡಿದು ನಿಂತುಬಿಟ್ಟೆ.

ಕೈಕಾಲು ಒಂದು ಹದಕ್ಕೆ ಬಂದವು, ಗಂಟಲು ಮಾತ್ರ ಬರಲಿಲ್ಲ. ಮೂಗಿನಲ್ಲಿ ನಳಿಕೆ, ಅದರಲ್ಲೇ ಆಹಾರ. ಆಸ್ಪತ್ರೆಯಲ್ಲಿ ನುಂಗೋದನ್ನ ಕಲಿಸೋಕೆ ಅಂತಲೇ ಒಬ್ಬರು ಮೇಡಂ ಇದ್ದರು. ಎಕ್ಸ್-ರೇ ಪರದೆ ಮುಂದೆ ಅಕ್ಕನನ್ನ ಕೂರಿಸಿ, ಬಿಳೀ ಮದ್ದು ಕಲಸಿದ ಒಂದು ಚಮಚ ಕೊಟ್ಟು, ಅದು ಎಲ್ಲಿ ಹೋಗತ್ತೆ ಅಂತ ನೋಡಿದರು. ನೋಡಿ ತಲೆ ಅಲ್ಲಾಡಿಸಿದರು.

"ಗಂಟಲಲ್ಲಿ ಎರಡು ದಾರಿ ಇದೆ ಅಮ್ಮಾ, ಒಂದು ಹೊಟ್ಟೆಗೆ, ಒಂದು ಉಸಿರಿಗೆ. ನುಂಗುವಾಗ ಉಸಿರಿನ ದಾರಿ ತಾನಾಗೇ ಮುಚ್ಚಿಕೊಳ್ಳಬೇಕು. ನಿಮಗೆ ಮುಚ್ತಾ ಇಲ್ಲ. ನಮಗಾದರೆ ತಪ್ಪು ದಾರಿಗೆ ಹೋದ ತಕ್ಷಣ ಕೆಮ್ಮು ಬರತ್ತೆ. ನಿಮಗೆ ಕೆಮ್ಮೂ ಬರಲ್ಲ, ಒಳಗೆ ಹೋಗಿದ್ದು ಗೊತ್ತೇ ಆಗಲ್ಲ. ಹಾಗಾಗಿ ಬಾಯಿಗೆ ಏನೂ ಬೇಡ. ಒಂದು ಹನಿ ನೀರೂ ಬೇಡ."

ಬೇರೆ ಯಾರಾದರೂ ಆಗಿದ್ದರೆ, ಮತ್ತೆ ಯಾವಾಗ ತಿನ್ನಬಹುದು ಅಂತ ಕೇಳ್ತಿದ್ದರು. ಇವಳು ಕೇಳಿದ್ದು, "ಹಾಗಾದ್ರೆ ನಾನು ರುಚಿ ನೋಡೋದು ಹೇಗೆ?" ಮೇಡಂಗೆ ಅರ್ಥವೇ ಆಗಲಿಲ್ಲ. ನಾನು ಕ್ಯಾಂಟೀನ್ ಕತೆ ಹೇಳಬೇಕಾಯ್ತು.

ಹೀಗೆ ಮನೆಗೆ ಬಂದಳು. ನಡೆಯೋಕೆ ಗೋಡೆ ಬೇಕು, ಒಂದು ಕಣ್ಣಿಗೆ ಪಟ್ಟಿ, ಮೂಗಲ್ಲಿ ನಳಿಕೆ. ನಾನು ಎಲ್ಲ ರುಬ್ಬಿ ಸೋಸಿ ದಪ್ಪ ಸಿರಿಂಜಿನಲ್ಲಿ ನಳಿಕೆಗೆ ಬಿಡ್ತಿದ್ದೆ. "ಉಪ್ಪು ಹಾಕಿದ್ದೀಯಾ?" ಅನ್ನೋಳು. "ನಾಲಿಗೆಗೆ ತಾಗೋದೇ ಇಲ್ಲ, ಉಪ್ಪು ಯಾಕೆ?" ಅಂದರೆ, "ಯಾಕೆ, ಹೊಟ್ಟೆಗೆ ಮರ್ಯಾದೆ ಇಲ್ವಾ?" ಇಂಥವಳ ಜೊತೆ ಏಗೋದು ಹೇಗೆ ಹೇಳಿ. ಹಾಕ್ತಿದ್ದೆ, ಚಿಟಿಕೆ ಉಪ್ಪು ಹಾಕ್ತಿದ್ದೆ.

ಭಾವ ಅವಳೆದುರು ಊಟ ಮಾಡೋದನ್ನೇ ಬಿಟ್ಟರು. ತಟ್ಟೆ ಮೇಲೆ ಟವೆಲ್ ಮುಚ್ಚಿಕೊಂಡು ಮಹಡಿ ಮೆಟ್ಟಿಲಿಗೆ ಹೋಗಿ, ನಿಂತುಕೊಂಡೇ ಗಬಗಬ ತಿಂದು ಬರೋರು. ಅಕ್ಕನ ಮೂಗಲ್ಲಿ ನಳಿಕೆ ಇದ್ದರೇನು, ವಾಸನೆ ಹಿಡಿಯೋದರಲ್ಲಿ ಅವಳು ಅವಳೇ. ಒಂದು ದಿನ ಗೋಡೆ ಹಿಡಿದುಕೊಂಡು ಮೆಟ್ಟಿಲವರೆಗೂ ಹೋಗಿ ನಿಂತಳು.

"ರೀ, ಸ್ವಂತ ಮನೇಲಿ ಕಳ್ಳನ ಹಾಗೆ ಯಾಕ್ರೀ ತಿಂತೀರಿ? ಬನ್ನಿ, ನನ್ನ ಎದುರಿಗೆ ಕೂತ್ಕೊಳ್ಳಿ."

"ನೀನು ಹಾಗೆ ಕೂತಿರುವಾಗ ನಂಗೆ ಇಳಿಯಲ್ಲ ಕಣೇ."

"ನನ್ನದಂತೂ ಇಳೀತಿಲ್ಲ. ನಿಮ್ಮದೂ ಇಳೀದಿದ್ರೆ ಈ ಮನೇಲಿ ನುಂಗೋರು ಯಾರು? ಬನ್ನಿ ಸುಮ್ನೆ."

ಅವತ್ತಿನಿಂದ ಭಾವ ದಿನಾ ಅವಳೆದುರು ಕೂತು ಉಣ್ಣಬೇಕಾಯ್ತು. ಪಾಪ, ಆ ಮನುಷ್ಯ ತಲೆ ಬಗ್ಗಿಸಿ, ಶಿಕ್ಷೆ ಅನುಭವಿಸೋರ ಹಾಗೆ ಅಗಿಯೋರು. ಅವಳು ಒಂದೊಂದು ತುತ್ತನ್ನೂ ನೋಡೋಳು. ಹೊಟ್ಟೆಕಿಚ್ಚಿನಿಂದ ಅಲ್ಲ, ನಾನು ಅವಳ ಮುಖ ನೋಡಿದ್ದೀನಿ. ತನ್ನ ಕೆಲಸ ಬೇರೆಯವರು ಮಾಡುವಾಗ ನೋಡ್ತೀವಲ್ಲ, ಹಾಗೆ ನೋಡೋಳು.

ಆಮೇಲೆ ಆ ಅನಾಹುತ ಆಯ್ತು. ಕ್ಯಾಂಟೀನ್ ನೋಡಬೇಕು ಅಂತ ಹಟ ಹಿಡಿದಳು. ಭಾವ ಕರೆತಂದು ಒಲೆ ಪಕ್ಕ ಸ್ಟೂಲಿನ ಮೇಲೆ ಕೂರಿಸಿ ಡ್ಯೂಟಿಗೆ ಹೋದರು. ಗಿರಣಿ ಜನಕ್ಕೆ ಖುಷಿಯೋ ಖುಷಿ. ಗಂಟೆ ಹೊಡೀತು, ಸಾಲು ನಿಂತಿತು. ನಾನು ಸೂಪಿನ ಹಂಡೆಯ ಮುಚ್ಚಳ ತೆಗೆದೆ, ಹಬೆ ಎದ್ದಿತು. ಸೌಟು ಅವಳ ಕೈಗೆ ಹೇಗೆ ಹೋಯಿತೋ, ನಾನು ತಟ್ಟೆ ಜೋಡಿಸೋಕೆ ತಿರುಗಿ ಮತ್ತೆ ನೋಡುವಷ್ಟರಲ್ಲಿ ಅಂಗೈಗೆ ಸುರಿದುಕೊಂಡು, ಊದಿ, ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿಬಿಟ್ಟಿದ್ದಳು. ಗಂಟಲು ಅಲ್ಲಾಡಿತು. "ಇಳೀತು!" ಅಂತ ಮುಂದಿನವನು ಕೂಗಿದ. ಇಡೀ ಹಾಲು ತಟ್ಟೆ ಬಡೀತು, ಶಿಳ್ಳೆ ಹಾಕಿತು, ಕೆಲವರಂತೂ ಕಣ್ಣೊರೆಸಿಕೊಂಡರು. ನಾನೊಬ್ಬಳೇ "ಅಯ್ಯೋ, ಉಗೀ ಅಕ್ಕಾ, ಉಗೀ!" ಅಂತ ಕಿರುಚ್ತಿದ್ದೆ. ಆ ಗದ್ದಲದಲ್ಲಿ ಯಾರಿಗೆ ಕೇಳಿಸಬೇಕು.

ಅವಳು ಕೆಮ್ಮಲಿಲ್ಲ. ಕೆಮ್ಮಿದ್ದರೆ ಎಷ್ಟೋ ಚೆನ್ನಾಗಿತ್ತು. ಮಾರನೇ ದಿನ ಮೈ ಕೆಂಡ, ಎದೆಯಲ್ಲಿ ಗೊರಗೊರ. ಸೂಪು ಇಳಿದಿದ್ದು ಶ್ವಾಸಕೋಶಕ್ಕೆ. ಮತ್ತೆ ಆಸ್ಪತ್ರೆ, ಮತ್ತೆ ಮೂಗಿಗೆ ಆಕ್ಸಿಜನ್. "ನಿನಗೆ ಬುದ್ಧಿ ಇದೆಯಾ? ಸಾಯೋಕೆ ಬೇರೆ ಜಾಗ ಸಿಗಲಿಲ್ವಾ?" ಅಂತ ಬಾಯಿಗೆ ಬಂದ ಹಾಗೆ ಬೈದೆ. "ಕೈ ನನ್ನ ಮಾತು ಕೇಳಲಿಲ್ಲ ಕಣೇ. ಸಾಲು ನಿಂತಿತ್ತಲ್ಲ" ಅಂದಳು. ತಟ್ಟೆ ಬಡಿದವರೆಲ್ಲ ಆಸ್ಪತ್ರೆ ಗೇಟಿನ ಹತ್ತಿರ ಬಂದು ಮುಖ ಸಣ್ಣ ಮಾಡಿಕೊಂಡು ನಿಲ್ತಿದ್ದರು.

ಈ ಸಲ ಡಾಕ್ಟ್ರು ಖಡಾಖಂಡಿತವಾಗಿ ಹೇಳಿದರು, ಹೊಟ್ಟೆಗೇ ನೇರವಾಗಿ ನಳಿಕೆ ಹಾಕೋಣ, ಬಾಯಿಂದ ಉಣ್ಣೋ ಆಸೆ ಬಿಟ್ಟುಬಿಡಿ, ಇನ್ನೊಂದು ಸಲ ಹೀಗಾದರೆ ಎದೆ ತಡಕೊಳ್ಳಲ್ಲ. ಭಾವ ಅವಳ ಕೈ ಹಿಡಿದುಕೊಂಡರು. ಅಷ್ಟು ಮಾತು ಒಟ್ಟಿಗೆ ಆಡಿದ್ದನ್ನ ನಾನು ಅವತ್ತೇ ಕೇಳಿದ್ದು.

"ನೋಡು, ಊಟ ಎಲ್ಲಿಂದ ಹೋದ್ರೂ ನಂಗೆ ಒಂದೇ. ನೀನಿದ್ರೆ ಸಾಕು. ಕ್ಯಾಂಟೀನೂ ಬೇಡ, ರುಚಿಯೂ ಬೇಡ. ಬಿಟ್ಟುಬಿಡು ಕಣೇ, ದಮ್ಮಯ್ಯ ಅಂತೀನಿ."

"ಹೊಟ್ಟೆಗೆ ಹಾಕಿಸ್ಕೋತೀನಿ. ನೀವು ಹೇಳೋವರೆಗೂ ಒಂದು ಹನಿ ಬಾಯಿಗೆ ಬಿಡಲ್ಲ. ಆದ್ರೆ ಗಂಟಲಿಗೆ ಕೆಲಸ ಕೊಡೋದನ್ನ ಮಾತ್ರ ಬಿಡಲ್ಲ. ಬೇಡ ಅನ್ನಬೇಡಿ" ಅಂದಳು ಅಕ್ಕ. ಭಾವ ಪಕ್ಕದಲ್ಲೇ ನಿಂತಿದ್ದ ನುಂಗೋದು ಕಲಿಸೋ ಮೇಡಂ ಮುಖ ನೋಡಿದರು. ಮೇಡಂ, "ಬರೀ ಎಂಜಲು ನುಂಗೋ ವ್ಯಾಯಾಮ ಇದೆ, ಅದರಿಂದ ಅಪಾಯ ಇಲ್ಲ. ಫಲ ಸಿಗತ್ತೆ ಅಂತ ಮಾತ್ರ ಮಾತು ಕೊಡಲ್ಲ" ಅಂದರು.

ಅಲ್ಲಿಂದ ಶುರುವಾಯ್ತು ನೋಡಿ ನಮ್ಮ ಗ್ರಹಚಾರ. ಬೆಳಗ್ಗೆ ಎದ್ದರೆ ಮಂಚದ ಮೇಲೆ ಅಂಗಾತ ಮಲಗಿ ತಲೆ ಮಾತ್ರ ಎತ್ತಿ ತನ್ನ ಕಾಲ್ಬೆರಳು ನೋಡೋಳು, ಕತ್ತಿನ ನರ ಉಬ್ಬಿ ನಡುಗೋವರೆಗೂ ಇಳಿಸ್ತಿರಲಿಲ್ಲ. ನಾಲಿಗೆಯನ್ನ ಹಲ್ಲಿನ ನಡುವೆ ಕಚ್ಚಿಕೊಂಡು ಎಂಜಲು ನುಂಗೋಳು. ಉಸಿರು ಬಿಗಿ ಹಿಡಿದು ನುಂಗೋಳು. ಐಸ್‌ನಲ್ಲಿಟ್ಟ ಕಡ್ಡಿಯಿಂದ ಆಸ್ಪತ್ರೆಯಲ್ಲಿ ಮೇಡಂ ಗಂಟಲೊಳಗೆ ತಟ್ಟಿದರೆ ಕಣ್ಣಲ್ಲಿ ನೀರು ಬರೋದು, ಆದರೂ ಬಾಯಿ ಮುಚ್ಚುತ್ತಿರಲಿಲ್ಲ. "ಈ ಮುಖ ನೋಡಿದ್ರೆ ನಮ್ಮ ಭಾವ ಮದುವೆ ಆಗ್ತಿರಲಿಲ್ಲ" ಅಂತ ನಾನು ರೇಗಿಸಿದರೆ ನಾಲಿಗೆ ಕಚ್ಚಿಕೊಂಡೇ ನನ್ನ ಬೆನ್ನಿಗೊಂದು ಗುದ್ದು. ಎಷ್ಟೋ ದಿನ ಒಂದಿಷ್ಟೂ ಬದಲಾವಣೆ ಇರ್ತಿರಲಿಲ್ಲ. ಅಂಥ ದಿನಗಳಲ್ಲಿ ಅವಳು ಗೋಡೆ ಕಡೆ ತಿರುಗಿ ಮಲಗಿ ಅತ್ತಿದ್ದೂ ಉಂಟು. ಅತ್ತು ಮುಗಿಸಿ ಮತ್ತೆ ತಲೆ ಎತ್ತಿ ಕಾಲ್ಬೆರಳು ನೋಡೋಳು.

ಜೊತೆಗೆ ನನ್ನ ಗಂಟಲನ್ನ ಬಾಡಿಗೆಗೆ ತಗೊಂಡಳು. ಕ್ಯಾಂಟೀನಿಗೆ ಬಂದು ಒಲೆಯಿಂದ ದೂರ, ಎರಡೂ ಕೈ ತೊಡೆ ಕೆಳಗೆ ಸಿಕ್ಕಿಸಿಕೊಂಡು ಕೂರೋಳು. "ನೀನು ನುಂಗು. ಈಗ ಹೇಳು, ಖಾರ ಎಲ್ಲಿ ಕೂತ್ಕೊಳ್ತು? ನಾಲಿಗೆ ಬುಡದಲ್ಲಾ, ಕೆಳಗಾ? ಹೋಯ್ತಾ, ಇನ್ನೂ ಇದೆಯಾ?" ಒಂದು ಸೂಪಿಗೆ ಇಷ್ಟು ವಿಚಾರಣೆ! ಪೊಲೀಸ್ ಸ್ಟೇಷನ್ನೇ ವಾಸಿ ಅನ್ನಿಸೋದು. ಆದರೆ ನಿಜ ಹೇಳ್ತೀನಿ, ನಾನು ಅಡುಗೆ ಕಲಿತಿದ್ದು ಆಗಲೇ. ಅಲ್ಲಿಯವರೆಗೆ ಬರೀ ಬೇಯಿಸ್ತಿದ್ದೆ.

ಕೊನೆಗೊಂದು ದಿನ ಮೇಡಂ ಮತ್ತೆ ಎಕ್ಸ್-ರೇ ಪರದೆ ಮುಂದೆ ಕೂರಿಸಿದರು. ಈ ಸಲವೂ ಆಗದಿದ್ದರೆ ಇನ್ನು ಪರೀಕ್ಷೆ ಇಲ್ಲ ಅಂತ ಮೊದಲೇ ಹೇಳಿದ್ದರು. ಭಾವ, ನಾನು ಗಾಜಿನ ಆಚೆ ನಿಂತಿದ್ದೆವು. ಮೊದಲ ಚಮಚ ನೀರಿನಷ್ಟು ತೆಳು. ಆ ಬಿಳೀ ಮದ್ದು ಪರದೆ ಮೇಲೆ ಕಪ್ಪಾಗಿ ಕಾಣೋದು. ಕಪ್ಪು ಗೆರೆ ಇಳೀತು, ಒಂದು ಎಳೆ ತಪ್ಪು ದಾರಿಗೆ ಜಾರಿತು. ಭಾವ ಕಣ್ಣು ಮುಚ್ಚಿಕೊಂಡರು. ಆದರೆ ಒಳಗೆ ಅಕ್ಕ ಕೆಮ್ಮಿದಳು. ಗಟ್ಟಿಯಾಗಿ, ಮೈಯೆಲ್ಲ ಅಲ್ಲಾಡೋ ಹಾಗೆ ಕೆಮ್ಮಿದಳು. ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರು. "ಕೆಮ್ಮು ಬಂತಲ್ಲಮ್ಮಾ!" ಅಂದರು. ಕೆಮ್ಮಿಗೆ ಅಷ್ಟು ಸಂತೋಷಪಟ್ಟವರನ್ನ ನಾನು ಕಂಡಿಲ್ಲ.

ಎರಡನೇ ಚಮಚ ಗಟ್ಟಿ. "ನಿಮ್ಮ ಗಂಟಲಿನ ಎಡಭಾಗ ಸೋತಿದೆ. ಗಲ್ಲ ಕೆಳಗಿಟ್ಟು ತಲೆಯನ್ನ ಪೂರ್ತಿ ಎಡಕ್ಕೆ ತಿರುಗಿಸಿ, ಆಗ ಆ ಕಡೆ ಮುಚ್ಚಿಕೊಂಡು ಊಟ ಬಲಗಡೆಯಿಂದ ಇಳಿಯತ್ತೆ" ಅಂದರು ಮೇಡಂ. ಅಕ್ಕ ತಿರುಗಿದಳು, ನುಂಗಿದಳು. ಕಪ್ಪು ಉಂಡೆ ನೆಟ್ಟಗೆ ಹೊಟ್ಟೆ ದಾರಿ ಹಿಡೀತು. ಇನ್ನೊಂದು, ಮತ್ತೊಂದು, ಎಲ್ಲ ನೆಟ್ಟಗೆ. ಗಟ್ಟಿ ಪದಾರ್ಥ, ಸಣ್ಣ ತುತ್ತು, ಪ್ರತಿ ತುತ್ತಿಗೂ ಎಡಕ್ಕೆ ತಲೆ, ಮನೆಯಲ್ಲಿ ಉಣ್ಣಬಹುದು ಅಂತ ಅಪ್ಪಣೆ ಆಯ್ತು.

ಈಗ ಅವಳು ಮತ್ತೆ ಕ್ಯಾಂಟೀನಿನಲ್ಲಿದ್ದಾಳೆ, ಗಟ್ಟಿ ಅಡುಗೆ ಅವಳು ನುಂಗ್ತಾಳೆ, ತೆಳು ಸೂಪು ನಾನು ನುಂಗ್ತೀನಿ, ನಮ್ಮ ಜಗಳ ಹಾಗೇ ಇದೆ. ಅದಿರಲಿ. ನಾನು ಹೇಳಬೇಕು ಅಂತ ಬಂದಿದ್ದು ಆ ಪರೀಕ್ಷೆ ಆದ ದಿನದ ಮಧ್ಯಾಹ್ನದ ಊಟ.

ಮನೆಗೆ ಬಂದು ಅಡುಗೆ ಅವಳೇ ಮಾಡಿದಳು. ಯಾರನ್ನೂ ಒಲೆ ಹತ್ತಿರ ಸೇರಿಸಲಿಲ್ಲ. ಬೇಯಿಸಿ ನುಣ್ಣಗೆ ಹಿಸುಕಿದ ಆಲೂಗಡ್ಡೆ, ಅದಕ್ಕೆ ಬೆಣ್ಣೆ, ಉಪ್ಪು, ಕುಟ್ಟಿದ ಕಾಳುಮೆಣಸು. ನನ್ನ ಗಂಡ ಕೆಲಸಕ್ಕೆ ಹೋಗಿದ್ದರು, ಮೂರೇ ತಟ್ಟೆ ಹಾಕಿದಳು. ಭಾವ ರೂಢಿಯಂತೆ ಅವಳ ಎದುರಿಗೆ ಕೂತರು. ಅಕ್ಕ ಒಂದು ತುತ್ತು ಬಾಯಿಗಿಟ್ಟು, ಗಲ್ಲ ಇಳಿಸಿ, ಎಡಕ್ಕೆ ತಿರುಗಿದಳು. ಎಡಕ್ಕೆ ಬರೀ ಗೋಡೆ. ಭಾವ ಅದನ್ನ ನೋಡಿದರು. ಎದ್ದು, ಕುರ್ಚಿ ಎಳೆದುಕೊಂಡು ಹೋಗಿ ಅವಳ ಎಡಗಡೆ ಕೂತರು. ಅಲ್ಲಿಂದ ಮುಂದೆ ಅವಳು ಪ್ರತಿ ತುತ್ತಿಗೂ ತಿರುಗಿ, ಗಂಡನ ಮುಖ ನೋಡಿಕೊಂಡೇ ನುಂಗಬೇಕಾಯ್ತು.

ಒಂದು ಇಳೀತು. ಎರಡನೆಯದು ಇಳೀತು. ನಾನು ಅವಳ ಕತ್ತನ್ನೇ ನೋಡ್ತಿದ್ದೆ, ಹಾಗಾಗಿ ಭಾವನ ಕಡೆ ನನ್ನ ಗಮನ ಹೋಗಿರಲಿಲ್ಲ. ಅಕ್ಕನ ಗಮನ ಹೋಯ್ತು. ಅವಳಿಗೆ ಎದುರಿಗೇ ಕಾಣ್ತಿತ್ತಲ್ಲ. ಭಾವನ ಬಾಯಲ್ಲಿ ತುತ್ತು ಹಾಗೇ ಇತ್ತು. ದವಡೆ ನಿಂತುಹೋಗಿತ್ತು, ಕೆನ್ನೆ ನಡುಗ್ತಿತ್ತು, ಕಣ್ಣು ತುಂಬಿ ಇನ್ನೇನು ಹರಿಯೋದರಲ್ಲಿತ್ತು. ಅಷ್ಟು ತಿಂಗಳು ಅವಳೆದುರು ಕೂತು, ಅವಳ ಪಾಲಿಗೂ ತಾವೇ ನುಂಗಿದ ಮನುಷ್ಯನಿಗೆ ಈಗ ಒಂದು ತುತ್ತು ಇಳೀತಿರಲಿಲ್ಲ.

ಅಕ್ಕ ಚಮಚ ಕೆಳಗಿಟ್ಟು ಅವರ ಬೆನ್ನ ಮೇಲೆ ಕೈಯಿಟ್ಟಳು.

"ಬಾಯಲ್ಲಿ ಇಟ್ಕೊಂಡು ಅಳಬಾರದು ರೀ, ತಪ್ಪು ದಾರಿಗೆ ಹೋಗತ್ತೆ. ಮೊದಲು ನುಂಗಿ. ಆಮೇಲೆ ಎಷ್ಟು ಬೇಕೋ ಅಷ್ಟು ಅಳಿ, ನಾನಿಲ್ಲೇ ಇರ್ತೀನಿ."

ಭಾವ ಹೇಳಿದ ಹಾಗೆ ಕೇಳಿದರು. ಮೊದಲು ನುಂಗಿದರು, ಆಮೇಲೆ ಅತ್ತರು.